ರೈಲ್ವೆ ಮಾವನ ಜೊತೆ ಸಿವಿಲ್ ವಾರ್ ಜಾಗಗಳ ಸುತ್ತಾಟ

ನಮ್ಮ ಮಾವ ಹುಬ್ಬಳ್ಳಿ ರೈಲ್ವೆಲಿ ಗೂಡ್ಸ್ ಸೆಕ್ಷನ್ನಲ್ಲಿದ್ದು ರಿಟೈರ್ ಆದವರು. ಈ ಸಲ ಅತ್ತೆ ಜೊತೆ ವರ್ಜೀನಿಯಾಗೆ ಬಂದಾಗ, ನಯಾಗರಾ ನ್ಯೂಯಾರ್ಕ್ ಎಲ್ಲ ಆಗೇತಿ, ನಿಮ್ಮನಿ ಸುತ್ತಾನ ದೊಡ್ಡ ಯುದ್ಧ ಆಗಿತ್ತಂತಲ್ಲ ಅದನ್ನ ತೋರಸ್ರಿ ಅಂದ್ರು. ಹೆಂಡ್ತಿಗೆ ರಜೆ ಸಿಗ್ಲಿಲ್ಲ, ಅತ್ತೆ ಮೊಮ್ಮಗಳನ್ನ ಬಿಟ್ಟು ಬರಲ್ಲ ಅಂದ್ರು, ಹಾಗಾಗಿ ನಾವಿಬ್ರೇ ಹೊರಟ್ವಿ, ಡಿಕ್ಕಿಲಿ ಒಂದು ಡಬ್ಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ.

ಹೊರಡೋ ಮುಂಚೆ ಹಿನ್ನೆಲೆ ಸ್ವಲ್ಪ ಹೇಳಿಬಿಡ್ತೀನಿ. 1860ರಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಜನ ಗುಲಾಮರಿದ್ರು, ಹೆಚ್ಚುಕಮ್ಮಿ ಎಲ್ಲರೂ ದಕ್ಷಿಣದ ರಾಜ್ಯಗಳಲ್ಲಿ. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹಬ್ಬಬಾರದು ಅಂತಿದ್ದ ಲಿಂಕನ್ ಆ ವರ್ಷ ನವೆಂಬರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದ, ಡಿಸೆಂಬರಲ್ಲಿ ಸೌತ್ ಕ್ಯಾರೊಲೈನಾ ದೇಶ ಬಿಟ್ಟು ಹೋಗ್ತೀನಿ ಅಂತು, ನೋಡ್ತಾ ನೋಡ್ತಾ ಕಾನ್ಫೆಡರಸಿ ಅಂತ ಬೇರೆ ಸರ್ಕಾರವೇ ಆಯ್ತು, ಅದರಲ್ಲಿ ಕೊನೆಗೆ 11 ರಾಜ್ಯ. 1861 ಏಪ್ರಿಲ್ 12ಕ್ಕೆ ಸೌತ್ ಕ್ಯಾರೊಲೈನಾದಲ್ಲಿದ್ದ ಸರ್ಕಾರಿ ಕೋಟೆ ಫೋರ್ಟ್ ಸಮ್ಟರ್ ಮೇಲೆ ದಕ್ಷಿಣದವರು ಗುಂಡು ಹಾರಿಸಿದ್ರು, ಈ ರಾಜ್ಯಗಳ ದಕ್ಷಿಣ ಒಂದು ಕಡೆ, ಲಿಂಕನ್ ಸರ್ಕಾರದ ಉತ್ತರ ಇನ್ನೊಂದು ಕಡೆ, ಸಿವಿಲ್ ವಾರ್ ಅಂದ್ರೆ ಇದೇ ಅಂತರ್ಯುದ್ಧ. ಇಲ್ಲಿ ಈಗಲೂ ಕೆಲವರು ಇದು ರಾಜ್ಯಗಳ ಹಕ್ಕಿಗಾಗಿ ನಡೆದ ಯುದ್ಧ ಅಂತಾರೆ, ಆದ್ರೆ ಮಿಸಿಸಿಪ್ಪಿಯವರು ಬಿಟ್ಟು ಹೋಗುವಾಗ ಬರೆದ ಪತ್ರ ಓದಿದ್ರೆ ಮೊದಲ ಸಾಲುಗಳಲ್ಲೇ ನಮ್ಮ ನಿಲುವು ಗುಲಾಮಗಿರಿ ವ್ಯವಸ್ಥೆ ಜೊತೆ ಅಂತ ಅವರೇ ಬರ್ಕೊಂಡಿದಾರೆ, ಇನ್ನೇನು ವಾದ.

ಶನಿವಾರ: ಹಾರ್ಪರ್ಸ್ ಫೆರಿ, ಆಂಟೀಟಮ್

ಪೊಟೋಮ್ಯಾಕ್ ಮತ್ತೆ ಶೆನಾಂಡೋವಾ ನದಿ ಕೂಡೋ ಜಾಗ ಹಾರ್ಪರ್ಸ್ ಫೆರಿ. ಗುಡ್ಡದೊಳಗಿನ ಸುರಂಗದಿಂದ ರೈಲು ಸೀದಾ ಸೇತುವೆ ಮೇಲೇ ಬರುತ್ತೆ. ನಾವು ಹೋದಾಗ ಒಂದು ಗೂಡ್ಸ್ ಗಾಡಿ ಬಂತು, ಮಾವ ವ್ಯಾಗನ್ ಎಣಿಸೋಕೆ ನಿಂತ್ರು, ಗಾಡಿ ಮುಗಿಯೋ ತನಕ ನಾನು ಒಂದು ಕಾಫಿ ಕುಡ್ದು ಬಂದೆ.

1859 ಅಕ್ಟೋಬರ್ 16ರ ರಾತ್ರಿ ಜಾನ್ ಬ್ರೌನ್ ಅನ್ನೋ ಬಿಳಿಯ ಮುದುಕ 21 ಜನರನ್ನ ಕಟ್ಕೊಂಡು ಇಲ್ಲಿದ್ದ ಸರ್ಕಾರಿ ಆಯುಧ ಕಾರ್ಖಾನೆಗೆ ನುಗ್ಗಿದ. ಬಂದೂಕು ಹಿಡ್ಕೊಂಡು ಗುಲಾಮರ ದಂಗೆ ಎಬ್ಬಿಸೋದು ಪ್ಲಾನು. ಮೊದಲು ಗುಂಡೇಟು ತಿಂದು ಸತ್ತಿದ್ದು ಹೇವರ್ಡ್ ಶೆಫರ್ಡ್ ಅಂತ, ಸ್ಟೇಷನ್ನಲ್ಲಿ ಲಗೇಜ್ ನೋಡ್ಕೊಳ್ತಿದ್ದ ಕಪ್ಪು ಮನುಷ್ಯ, ಅವನು ಗುಲಾಮನೂ ಅಲ್ಲ, ಸ್ವತಂತ್ರ. ಯಾರಿಗೋಸ್ಕರ ಬಂದಿದ್ರೋ ಅವರಲ್ಲೇ ಒಬ್ಬ ಮೊದಲು ಹೋದ. ಅದೇ ರಾತ್ರಿ ಬಂದ ಬಾಲ್ಟಿಮೋರ್ ಒಹಾಯೊ ರೈಲನ್ನ ಬ್ರೌನ್ ಕಡೆಯವರು ತಡೆದು ನಿಲ್ಲಿಸಿ, ಆಮೇಲೆ ಬಿಟ್ಬಿಟ್ರು. ಇದನ್ನ ಕೇಳಿದ್ದೇ ತಡ ಮಾವ ಹಣೆ ಚಚ್ಕೊಂಡ್ರು. "ಅಳಿಯಂದ್ರ, ಗಾಡಿ ಬಿಟ್ಟಿದ್ದ ತಪ್ಪಾತ್ ನೋಡ್ರಿ. ಮುಂದಿನ ಸ್ಟೇಶನ್ ಮುಟ್ಟಿದ ಕೂಡ್ಲೆ ತಾರ್ ಹೊಡೀತಾರ." ನಿಜವಾಗ್ಲೂ ಹಾಗೇ ಆಗಿದ್ದು. ಮಾರನೇ ದಿನವೇ ನೌಕಾಪಡೆಯ ಮರೀನ್ ಸೈನಿಕರು ಹೊರಟು ಬಂದ್ರು, ಅವರ ಮೇಲಧಿಕಾರಿ ರಾಬರ್ಟ್ ಈ ಲೀ, ಮುಂದೆ ದಕ್ಷಿಣದ ದೊಡ್ಡ ಜನರಲ್ ಆದನಲ್ಲ ಅವನೇ. ಬ್ರೌನ್ ಬಾಗಿಲು ಹಾಕ್ಕೊಂಡು ಕೂತಿದ್ದ ಬೆಂಕಿ ಬಂಬಿನ ಗಾಡಿ ಇಡೋ ಸಣ್ಣ ಇಟ್ಟಿಗೆ ಶೆಡ್ ಈಗಲೂ ಇದೆ, ಆದ್ರೆ ಮೊದಲಿದ್ದ ಜಾಗದಲ್ಲಲ್ಲ. 1891ರಲ್ಲಿ ಅದನ್ನ ಬಿಚ್ಚಿ 1893ರ ಚಿಕಾಗೋ ಎಕ್ಸಿಬಿಷನ್ನಿಗೆ ಅಂತ ಒಯ್ದಿದ್ರು, ಆಮೇಲೆ ವಾಪಸ್ ತಂದು ಊರಲ್ಲಿ ಅಲ್ಲಿ ಇಲ್ಲಿ ಇಟ್ಟು ಕೊನೆಗೆ ಈಗಿರೋ ಕಡೆ ನಿಲ್ಲಿಸಿದಾರೆ. ಡಿಸೆಂಬರ್ 2ಕ್ಕೆ ಬ್ರೌನ್‌ನ ನೇಣಿಗೆ ಹಾಕಿದ್ರು.

ಮಧ್ಯಾಹ್ನ ಆಂಟೀಟಮ್. 1862 ಸೆಪ್ಟೆಂಬರ್ 17, ಒಂದೇ ದಿನ ಸತ್ತವರು ಗಾಯ ಆದವರು ಕಾಣೆ ಆದವರು ಎಲ್ಲ ಸೇರಿ ಸುಮಾರು 23,000 ಜನ. ಅದಕ್ಕೆ ನಾಲ್ಕು ದಿನ ಮುಂಚೆ ಲೀಯ ಸೈನ್ಯ ಹೇಗೆ ಹಂಚಿಹೋಗಿದೆ ಅನ್ನೋ ಆರ್ಡರ್ ಕಾಪಿ ಮೂರು ಸಿಗಾರ್‌ಗೆ ಸುತ್ತಿದ ಹಾಗೆ ಹುಲ್ಲಲ್ಲಿ ಉತ್ತರದ ಸೈನಿಕರಿಗೆ ಸಿಕ್ಕಿತ್ತು, ಅಂಥ ಲಾಟರಿ ಹೊಡೆದರೂ ಅವರ ಜನರಲ್ ಮೆಕ್ಲೆಲನ್ ನಿಧಾನಕ್ಕೆ ಹೊರಟು ಲೀಯನ್ನ ಪೂರ್ತಿ ಮುರಿಯೋ ಅವಕಾಶ ಕಳ್ಕೊಂಡ. ಬರ್ನ್‌ಸೈಡ್ ಸೇತುವೆ ಮೇಲೆ ನಿಂತ್ರೆ ಇನ್ನೂ ಆಶ್ಚರ್ಯ, ಎರಡು ಎತ್ತಿನ ಗಾಡಿ ಎದುರು ಬದುರು ದಾಟೋಕೆ ಒದ್ದಾಡಬೇಕು ಅಷ್ಟು ಕಿರಿದು, ಕೆಳಗಿನ ಹಳ್ಳಕ್ಕೆ ಅಂಥ ಆಳವೂ ಇಲ್ಲ, ಎದುರು ದಿಬ್ಬದ ಮೇಲಿದ್ದ ಕೆಲವೇ ನೂರು ಜಾರ್ಜಿಯಾ ಬಂದೂಕುಗಾರರು ಸಾವಿರಾರು ಜನರನ್ನ ಗಂಟೆಗಟ್ಟಲೆ ತಡೆದ್ರು.

ಲೀ ವಾಪಸ್ ವರ್ಜೀನಿಯಾಗೆ ಹೋದ, ಉತ್ತರಕ್ಕೆ ಅರ್ಧಂಬರ್ಧ ಗೆಲುವು. ಲಿಂಕನ್‌ಗೆ ಅಷ್ಟೇ ಬೇಕಿತ್ತು. ಬಿಡುಗಡೆ ಘೋಷಣೆಯ ಕರಡು ಜುಲೈಯಿಂದಲೇ ರೆಡಿ ಇತ್ತು, ಸೋಲಿನ ಮೇಲೆ ಸೋಲು ಬರ್ತಿರುವಾಗ ಹೊರಡಿಸಿದ್ರೆ ಗತಿ ಇಲ್ದೆ ಮಾಡಿದ ಹಾಗೆ ಕಾಣುತ್ತೆ, ಒಂದು ಗೆಲುವು ಬರ್ಲಿ ಅಂತ ಮಂತ್ರಿ ಸೀವರ್ಡ್ ತಡೆದಿದ್ದ. ಸೆಪ್ಟೆಂಬರ್ 22ಕ್ಕೆ ಘೋಷಿಸಿದ, 1863 ಜನವರಿ 1ರಿಂದ ಜಾರಿ. ದಂಗೆ ಎದ್ದ ರಾಜ್ಯಗಳ ಗುಲಾಮರಿಗೆ ಮಾತ್ರ ಅನ್ವಯ, ಮೇರಿಲ್ಯಾಂಡ್ ಕೆಂಟಕಿ ತರ ಉತ್ತರದ ಜೊತೆ ಉಳಿದಿದ್ದ ಕಡೆ ಅಲ್ಲ, ಅಂದ್ರೆ ನಾವು ನಿಂತಿದ್ದ ಆಂಟೀಟಮ್ ನೆಲಕ್ಕೇ ಅದು ಅನ್ವಯಿಸ್ತಿರ್ಲಿಲ್ಲ! ಆದ್ರೆ ಅದರೊಳಗೇ ಇನ್ನೊಂದು ವಿಷಯ ಇತ್ತು, ಕಪ್ಪು ಜನರನ್ನ ಸೈನ್ಯಕ್ಕೆ ಸೇರಿಸ್ಕೊಳ್ಳಬಹುದು ಅನ್ನೋದು. ಅದರ ಬೆಲೆ ಮುಂದೆ ಗೊತ್ತಾಗುತ್ತೆ.

ಭಾನುವಾರ: ಗೆಟಿಸ್‌ಬರ್ಗ್

ಎಲ್ಲರೂ ಬರೋದು ಇಲ್ಲಿಗೇ, ಜಾತ್ರೆ ಜನ. 1863 ಜುಲೈ 1ರಿಂದ 3. ಎರಡೂ ಕಡೆ ಸೇರಿ ಸುಮಾರು 51,000 ಸಾವು ನೋವು ಕಾಣೆ. ಹೆಜ್ಜೆಗೊಂದು ಸ್ಮಾರಕ ಕಲ್ಲು, 1,300ಕ್ಕೂ ಹೆಚ್ಚಿವೆಯಂತೆ, ಸ್ವಲ್ಪ ಹೊತ್ತಾದ ಮೇಲೆ ಯಾವುದೂ ಕಣ್ಣಿಗೆ ಬೀಳಲ್ಲ. ಲಿಟಲ್ ರೌಂಡ್ ಟಾಪ್ ದಿಬ್ಬ ಹತ್ತಿದ್ವಿ, ಮಾವನ ಮಂಡಿ ನೋವಿಗೆ ಅದೇ ಸಾಕಾಯ್ತು.

ಮೂರನೇ ದಿನ ಲೀ ಸುಮಾರು 12,500 ಜನರನ್ನ ಬಯಲಲ್ಲಿ ಹೆಚ್ಚುಕಮ್ಮಿ ಒಂದು ಮೈಲಿ ನಡೆಸಿ ಉತ್ತರದವರ ಫಿರಂಗಿ ಎದುರಿಗೆ ಕಳಿಸಿದ, ಪಿಕೆಟ್ಸ್ ಚಾರ್ಜ್ ಅಂತಾರೆ. ಆ ಬಯಲಲ್ಲಿ ನಾವೂ ಸ್ವಲ್ಪ ದೂರ ನಡೆದ್ವಿ. ದೂರದಿಂದ ಸಪಾಟು ಅನ್ಸುತ್ತೆ, ನಡೆಯುವಾಗ ಸಣ್ಣ ಸಣ್ಣ ಏರಿಳಿತ ಕಾಲಿಗೆ ಗೊತ್ತಾಗುತ್ತೆ, ಮಧ್ಯೆ ಮಧ್ಯೆ ಬೇಲಿ, ಮರೆಗೆ ಒಂದು ಮರ ಇಲ್ಲ. ಹೋದವರಲ್ಲಿ ಅರ್ಧಕ್ಕರ್ಧ ಜನ ಸತ್ರು, ಗಾಯ ಆದ್ರು, ಇಲ್ಲ ಸೆರೆ ಸಿಕ್ಕಿದ್ರು. ಮಾವ ಧೈರ್ಯದ ಬಗ್ಗೆ ಏನೂ ಅನ್ನಲಿಲ್ಲ, "ಇಷ್ಟ್ ಮಂದೀನ ಇಷ್ಟ್ ದೂರ ನಡಸ್ಕೊಂಡ್ ಬಂದಾರ, ಊಟ ಎಲ್ಲಿಂದ ಬರ್ತಿತ್ರಿ ಇವರಿಗೆ?" ಅಂದ್ರು. ಪೆನ್ಸಿಲ್ವೇನಿಯಾಗೆ ಲೀ ಬಂದಿದ್ದಕ್ಕೆ ಊಟವೂ ಒಂದು ಕಾರಣ, ಯುದ್ಧ ನಡೆದೂ ನಡೆದೂ ವರ್ಜೀನಿಯಾದ ಹೊಲ ಬರಿದಾಗಿತ್ತು, ಇಲ್ಲಿ ದನ ಧಾನ್ಯ ಕುದುರೆ ಎಲ್ಲ ಬಾಚ್ಕೊಂಡು ಹೋಗಬಹುದು ಅಂತ. ದನ ಧಾನ್ಯದ ಜೊತೆ ಮನುಷ್ಯರನ್ನೂ ಬಾಚಿದ್ರು, ಸ್ವತಂತ್ರವಾಗಿ ಬದುಕ್ತಿದ್ದ ಕಪ್ಪು ಜನರನ್ನ ಹಿಡಿದು ದಕ್ಷಿಣಕ್ಕೆ ಗುಲಾಮರಾಗಿ ಎಳ್ಕೊಂಡು ಹೋದ್ರು.

ಪಿಕೆಟ್ಸ್ ಚಾರ್ಜ್ ಬಂದು ಮುಟ್ಟಿದ ಕಡೆಯೇ ಪಕ್ಕದಲ್ಲಿ ಬಿಳಿ ಬಣ್ಣದ ಪುಟ್ಟ ಮನೆ ಇದೆ, ಹೆಚ್ಚಿನವರು ಅದರ ಮುಂದೆ ಕಾರಲ್ಲೇ ದಾಟಿಹೋಗ್ತಾರೆ. ಏಬ್ರಹಾಂ ಬ್ರಯನ್ ಅನ್ನೋ ಸ್ವತಂತ್ರ ಕಪ್ಪು ರೈತನ ಮನೆ. ಲೀ ಸೈನ್ಯ ಬರ್ತಿದೆ ಅಂತ ಗೊತ್ತಾಗಿ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಊರು ಬಿಟ್ಟ, ವಾಪಸ್ ಬಂದಾಗ ಗೋಡೆ ತುಂಬ ಗುಂಡಿನ ತೂತು, ಬೇಲಿ ಇಲ್ಲ, ಬೆಳೆ ಇಲ್ಲ, ಹೊಲದಲ್ಲಿ ಹೆಣ ಹೂತಿದಾರೆ. ಸರ್ಕಾರಕ್ಕೆ ಸಾವಿರ ಡಾಲರ್‌ಗೂ ಮೇಲೆ ನಷ್ಟ ಪರಿಹಾರ ಕೇಳಿದ, ಕೊಟ್ಟಿದ್ದು 15 ಡಾಲರ್. ಈ ವಿಷಯದಲ್ಲಿ ಎಲ್ಲ ದೇಶದ ಸರ್ಕಾರಗಳೂ ಒಂದೇ ಬಿಡಿ.

ಮಾರನೇ ದಿನ, ಜುಲೈ 4ಕ್ಕೆ, ಇಲ್ಲಿಂದ ಬಹಳ ದೂರ ಮಿಸಿಸಿಪ್ಪಿ ನದಿ ದಂಡೆಯ ವಿಕ್ಸ್‌ಬರ್ಗ್ ಕೋಟೆ 47 ದಿನದ ಮುತ್ತಿಗೆ ಆದ್ಮೇಲೆ ಉತ್ತರದ ಜನರಲ್ ಗ್ರಾಂಟ್‌ಗೆ ಶರಣಾಯ್ತು. ಕೆಲವೇ ದಿನದಲ್ಲಿ ನದಿ ಪೂರ್ತಿ ಉತ್ತರದ ಕೈಗೆ ಬಂದು ದಕ್ಷಿಣ ಎರಡು ತುಂಡಾಯ್ತು. ನನ್ನ ಕೇಳಿದ್ರೆ ಆ ಎರಡರಲ್ಲಿ ದೊಡ್ಡ ಗೆಲುವು ಅದೇ, ಆದ್ರೆ ಜನ ಬರೋದು ಗೆಟಿಸ್‌ಬರ್ಗಿಗೆ, ಲಿಂಕನ್ ಇಲ್ಲಿ ನವೆಂಬರಲ್ಲಿ ಎರಡು ನಿಮಿಷದ ಭಾಷಣ ಮಾಡಿದ್ನಲ್ಲ ಅದಕ್ಕೆ.

ಸೋಮವಾರ: ರಿಚ್ಮಂಡ್

ಬೆಳಿಗ್ಗೆ ಪೂರ್ತಿ ಡ್ರೈವಿಂಗು, ವಾಷಿಂಗ್ಟನ್ ಸುತ್ತ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡು ಸಾಕುಬೇಕಾಯ್ತು. ದಾರಿಲಿ ಸಿಗೋ ಇನ್ನೊಂದು ಯುದ್ಧದ ಜಾಗ ಫ್ರೆಡರಿಕ್ಸ್‌ಬರ್ಗಲ್ಲಿ ನಾವು ನಿಲ್ಲಲಿಲ್ಲ. ರಿಚ್ಮಂಡ್ ದಕ್ಷಿಣದ ರಾಜಧಾನಿ, ವಾಷಿಂಗ್ಟನ್ನಿಂದ ನೂರೇ ಮೈಲಿ ಹೆಚ್ಚುಕಮ್ಮಿ, ಆ ನೂರು ಮೈಲಿ ದಾಟೋಕೆ ಉತ್ತರಕ್ಕೆ ನಾಲ್ಕು ವರ್ಷ ಬೇಕಾಯ್ತು.

ಜೇಮ್ಸ್ ನದಿ ಪಕ್ಕ ಟ್ರೆಡೆಗರ್ ಕಬ್ಬಿಣದ ಕಾರ್ಖಾನೆ ಈಗ ಮ್ಯೂಸಿಯಂ. ದಕ್ಷಿಣದವರ ಫಿರಂಗಿಗಳಲ್ಲಿ ದೊಡ್ಡ ಪಾಲು ಇಲ್ಲೇ ಎರಕ ಹೊಯ್ದಿದ್ದು, ಕೆಲಸಗಾರರಲ್ಲಿ ಗುಲಾಮರೂ ಇದ್ರು. ಇಡೀ ದಕ್ಷಿಣದಲ್ಲಿ ಈ ಮಟ್ಟದ ಕಾರ್ಖಾನೆ ಇನ್ನೊಂದು ಇರಲಿಲ್ಲ ಅಂದ್ರೆ ಲೆಕ್ಕ ಹಾಕಿ. ಉತ್ತರದಲ್ಲಿ ಜನಸಂಖ್ಯೆ 2 ಕೋಟಿ 20 ಲಕ್ಷ, ದಕ್ಷಿಣದಲ್ಲಿ 90 ಲಕ್ಷ, ಅದರಲ್ಲಿ 35 ಲಕ್ಷ ಗುಲಾಮರು. ರೈಲು ಹಳಿ ದೇಶದಲ್ಲಿ 30,000 ಮೈಲಿ ಇದ್ರೆ ದಕ್ಷಿಣಕ್ಕೆ 9,000. ಅದೂ ಒಂದೊಂದು ಕಂಪನಿದು ಒಂದೊಂದು ಗೇಜು, ಒಂದೇ ಊರಿಗೆ ಬರೋ ಎರಡು ಲೈನು ಒಂದಕ್ಕೊಂದು ಕೂಡ್ತಿರಲಿಲ್ಲ, ಸಾಮಾನು ಇಳಿಸಿ ಕುದುರೆ ಗಾಡಿಲಿ ಊರು ದಾಟಿಸಿ ಮತ್ತೆ ಹತ್ತಿಸಬೇಕು. ಮೀಟರ್ ಗೇಜ್ ಕಾಲದ ಹುಬ್ಬಳ್ಳಿ ಕಂಡಿರೋ ಮಾವನಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯ ಬೀಳಲಿಲ್ಲ, ಹಳೇ ನೋವು ಕೆದಕಿದ ಹಾಗಾಗಿ ಅರ್ಧ ಗಂಟೆ ಅವರೇ ಮಾತಾಡಿದ್ರು.

1863 ಏಪ್ರಿಲ್ 2ಕ್ಕೆ ಇದೇ ಊರಲ್ಲಿ ಹೆಂಗಸರು ಬೀದಿಗಿಳಿದು ಅಂಗಡಿ ಲೂಟಿ ಮಾಡಿದ್ರು, ತಿನ್ನೋಕೆ ಬ್ರೆಡ್ ಇಲ್ಲ ಅಂತ. ಯುದ್ಧ ಇನ್ನೂ ಎರಡು ವರ್ಷ ಇತ್ತು.

ಸಂಜೆ ಮಾನ್ಯುಮೆಂಟ್ ಅವೆನ್ಯೂ. ಇಲ್ಲಿ ಲೀಯ ದೊಡ್ಡ ಕುದುರೆ ಸವಾರಿ ಪ್ರತಿಮೆ ಇತ್ತು, 2021 ಸೆಪ್ಟೆಂಬರಲ್ಲಿ ಇಳಿಸಿದ್ರು. ಈಗ ಆ ರಸ್ತೆಲಿ ಉಳಿದಿರೋದು ಟೆನಿಸ್ ಆಟಗಾರ ಆರ್ಥರ್ ಆಶ್ ಪ್ರತಿಮೆ, ಕೈಯಲ್ಲಿ ರಾಕೆಟ್ಟು ಪುಸ್ತಕ ಹಿಡಿದು ಮಕ್ಕಳ ಜೊತೆ ನಿಂತಿದಾನೆ. ಅವನು ಇದೇ ಊರವನು.

ಮಂಗಳವಾರ: ಫೋರ್ಟ್ ಮನ್ರೋ

ಈ ಸುತ್ತಾಟದಲ್ಲಿ ಒಂದೇ ಜಾಗ ನೋಡಿ ಅಂದ್ರೆ ನಾನು ಹೇಳೋದು ಇದನ್ನ. ಸಮುದ್ರದ ಮೂಲೆಲಿ ಕಲ್ಲಿನ ಕೋಟೆ, ಸುತ್ತ ನೀರು ತುಂಬಿದ ಕಂದಕ, ಒಳಗೆ ಜನ ವಾಸನೂ ಇದಾರೆ, ನಾಯಿ ವಾಕಿಂಗ್ ಮಾಡಿಸ್ತಿರ್ತಾರೆ. 1619ರಲ್ಲಿ ಇಂಗ್ಲಿಷರ ವರ್ಜೀನಿಯಾಗೆ ಮೊದಲ ಆಫ್ರಿಕನ್ನರನ್ನ ಹಡಗಿಂದ ಇಳಿಸಿದ್ದು ಇದೇ ದಡದಲ್ಲಿ. ವರ್ಜೀನಿಯಾ ದೇಶ ಬಿಟ್ಟಾಗಲೂ ಈ ಕೋಟೆ ಉತ್ತರದ ಕೈಲೇ ಉಳೀತು.

1861 ಮೇ 23ರ ರಾತ್ರಿ ಫ್ರಾಂಕ್ ಬೇಕರ್, ಶೆಪರ್ಡ್ ಮಾಲರಿ, ಜೇಮ್ಸ್ ಟೌನ್‌ಸೆಂಡ್ ಅನ್ನೋ ಮೂರು ಜನ ಗುಲಾಮರು ಒಂದು ದೋಣಿ ಹತ್ತಿ ಕೊಲ್ಲಿ ದಾಟಿ ಈ ಕೋಟೆಗೆ ಬಂದ್ರು. ಅವರ ಯಜಮಾನ ದಕ್ಷಿಣದ ಸೈನ್ಯದಲ್ಲಿ ಕರ್ನಲ್, ಆಚೆ ದಡದಲ್ಲಿ ಫಿರಂಗಿ ಕಟ್ಟೆ ಕಟ್ಟೋಕೆ ಇವರನ್ನ ಹಚ್ಚಿದ್ದ. ಆಗಿನ ಕಾಯ್ದೆ ಪ್ರಕಾರ ಓಡಿಬಂದ ಗುಲಾಮನನ್ನ ಹಿಡಿದು ಯಜಮಾನನಿಗೆ ಒಪ್ಪಿಸಲೇಬೇಕು, ಉತ್ತರದವರೂ ಕೂಡ. ಕೋಟೆಯ ಜನರಲ್ ಬೆಂಜಮಿನ್ ಬಟ್ಲರ್ ಮೊದಲು ವಕೀಲ. ಬಿಳಿ ಬಾವುಟ ಹಿಡ್ಕೊಂಡು ಆ ಕಡೆಯ ಮೇಜರ್ ಬಂದು ಕಾಯ್ದೆ ಪ್ರಕಾರ ನಮ್ಮ ಆಳುಗಳನ್ನ ಕೊಡಿ ಅಂದ, ಬಟ್ಲರ್ ಅಂದಿದ್ದಿಷ್ಟು, ನೀವು ಬೇರೆ ದೇಶ ಅಂತೀರಲ್ಲ, ಬೇರೆ ದೇಶಕ್ಕೆ ನಮ್ಮ ಕಾಯ್ದೆ ಹೇಗೆ ಅನ್ವಯಿಸುತ್ತೆ? ಅಷ್ಟೇ ಅಲ್ಲ, ಶತ್ರು ಯುದ್ಧಕ್ಕೆ ಬಳಸ್ತಿರೋ ಆಸ್ತಿ ಕೈಗೆ ಸಿಕ್ಕಿದ್ರೆ ಜಪ್ತಿ ಮಾಡ್ಬಹುದು, ಇವರನ್ನ ನಿಮ್ಮ ಆಸ್ತಿ ಅಂತ ನೀವೇ ಹೇಳ್ತೀರಿ, ಸರಿ ಜಪ್ತಿ. ಮಾವ ನಕ್ಕಿದ್ದೇ ನಕ್ಕಿದ್ದು, "ಎದುರಿನವನ ಲೆಕ್ಕದಾಗ ಅವನನ್ನ ಹಿಡದಾನಲ್ರೀ ವಕೀಲ!"

ಬಟ್ಲರ್ ಗುಲಾಮಗಿರಿ ವಿರೋಧಿ ಹೋರಾಟಗಾರನೇನಲ್ಲ, ಆ ಹೊತ್ತಿಗೆ ಅವನಿಗೆ ಕೆಲಸದ ಆಳು ಬೇಕಿತ್ತು. ನಿರ್ಧಾರ ಮಾಡಿದ್ದು ದೋಣಿ ಹತ್ತಿದ ಆ ಮೂವರು. ಸುದ್ದಿ ಹಬ್ಬಿದ್ದೇ ಕೆಲವೇ ದಿನದಲ್ಲಿ ಗುಂಪು ಗುಂಪಾಗಿ ಹೆಂಗಸರು, ಮಕ್ಕಳು, ಮುದುಕರು ಬರೋಕೆ ಶುರು. ಆಗಸ್ಟಲ್ಲಿ ಕಾಂಗ್ರೆಸ್, ಅಂದ್ರೆ ಇಲ್ಲಿನ ಸಂಸತ್ತು, ಇಂಥವರನ್ನ ಜಪ್ತಿ ಮಾಡ್ಬಹುದು ಅಂತ ಕಾಯ್ದೆನೇ ಮಾಡ್ಬೇಕಾಯ್ತು. ಯುದ್ಧ ಮುಗಿಯೋ ಹೊತ್ತಿಗೆ ದೇಶದಾದ್ಯಂತ ಸುಮಾರು 5 ಲಕ್ಷ ಜನ ಹೀಗೆ ತಾವಾಗಿ ನಡ್ಕೊಂಡು, ಈಜಿ, ದೋಣಿ ಹತ್ತಿ ಉತ್ತರದ ಸೈನ್ಯದ ಕಡೆ ಬಂದ್ರು. ಹೊಲದಲ್ಲಿ ಗೇಯೋರು, ಕೋಟೆ ಕಟ್ಟೋರು, ಅಡುಗೆ ಮಾಡೋರು ಆ ಕಡೆ ಕಮ್ಮಿ ಆದ್ರು, ಈ ಕಡೆ ಜಾಸ್ತಿ ಆದ್ರು. ಲಿಂಕನ್ ಬಿಡಿಸಿದ ಅಂತ ನಾವು ಸ್ಕೂಲಲ್ಲಿ ಓದಿದ್ವಿ, ಅವನ ಘೋಷಣೆಗಿಂತ ಒಂದೂವರೆ ವರ್ಷ ಮುಂಚೆನೇ ಇವರು ಶುರು ಮಾಡಿದ್ರು.

ಹತ್ತಿರದ ಹ್ಯಾಂಪ್ಟನ್ ಯೂನಿವರ್ಸಿಟಿಲಿ ಒಂದು ಓಕ್ ಮರ ಇದೆ, ನಮ್ಮ ಕಡೆ ಹಳೇ ಆಲದ ಮರ ಹರಡೋ ಹಾಗೆ ಕೊಂಬೆ ನೆಲಕ್ಕೆ ಬಾಗಿವೆ. 1861ರಲ್ಲಿ ಮೇರಿ ಪೀಕ್ ಅನ್ನೋ ಸ್ವತಂತ್ರ ಕಪ್ಪು ಹೆಂಗಸು ಓಡಿಬಂದವರ ಮಕ್ಕಳಿಗೆ ಅಕ್ಷರ ಕಲಿಸಿದ್ದು ಇದರ ಕೆಳಗೆ, ಅದಕ್ಕೆ ಮುಂಚೆ ವರ್ಜೀನಿಯಾದಲ್ಲಿ ಹಾಗೆ ಶಾಲೆ ನಡೆಸೋದು ಕಾನೂನಿಗೆ ವಿರುದ್ಧ. 1863ರಲ್ಲಿ ಲಿಂಕನ್‌ನ ಬಿಡುಗಡೆ ಘೋಷಣೆಯನ್ನ ಜನಕ್ಕೆ ಓದಿ ಹೇಳಿದ್ದೂ ಇಲ್ಲೇ.

ರಾತ್ರಿ ಹೋಟೆಲಲ್ಲಿ ಹತ್ತಿ ಮಾತು ಬಂತು. ಬ್ರಿಟನ್ ಮಿಲ್ಲುಗಳಿಗೆ ಹೋಗ್ತಿದ್ದ ಹತ್ತಿಲಿ ನಾಲ್ಕರಲ್ಲಿ ಮೂರು ಪಾಲು ಅಮೆರಿಕದ ದಕ್ಷಿಣದಿಂದ, ಗುಲಾಮರು ಬಿಡಿಸಿದ್ದು. ಹತ್ತಿ ನಿಂತ್ರೆ ಬ್ರಿಟನ್ ತಾನಾಗೇ ನಮ್ಮ ಕಡೆ ಬರುತ್ತೆ ಅಂತ ದಕ್ಷಿಣದವರ ಲೆಕ್ಕಾಚಾರ. ಉತ್ತರದ ನೌಕಾಪಡೆ ಬಂದರುಗಳಿಗೆ ದಿಗ್ಬಂಧನ ಹಾಕಿತು, ಹತ್ತಿ ನಿಂತಿತು, ಆದ್ರೆ ಬ್ರಿಟನ್ ಹೋಗಿದ್ದು ಈಜಿಪ್ಟಿಗೆ, ಇಂಡಿಯಾಗೆ. ಧಾರವಾಡ ಸೀಮೆಲಿ ಅಮೆರಿಕದ ತಳಿಯ ಹತ್ತಿ 1840ರ ದಶಕದಿಂದಲೇ ಬೆಳೀತಿದ್ರು, ಜವಾರಿ ಹತ್ತಿ ಪಕ್ಕದಲ್ಲೇ ವಿಲಾಯತಿ ಹತ್ತಿ. ಯುದ್ಧದ ವರ್ಷಗಳಲ್ಲಿ ಅದರ ರೇಟು ಆಕಾಶಕ್ಕೆ ಹೋಯ್ತು. ಉತ್ತರ ಕನ್ನಡವನ್ನ 1862ರಲ್ಲಿ ಮದ್ರಾಸಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೂ ಧಾರವಾಡದ ಹತ್ತಿ ಕಾರವಾರ ಬಂದರಿಗೆ ಇಳೀಲಿ ಅನ್ನೋ ಮ್ಯಾಂಚೆಸ್ಟರ್‌ನವರ ಒತ್ತಾಯಕ್ಕೂ ಸಂಬಂಧ ಇದೆ. 1865ರಲ್ಲಿ ಯುದ್ಧ ಮುಗಿದಿದ್ದೇ ರೇಟು ಬಿತ್ತು, ಬಾಂಬೆಲಿ ಶೇರು ಪೇಟೆನೇ ಮಕಾಡೆ ಮಲಗ್ತು. ಮಾವನಿಗೆ ಇದು ಹೊಸದು, ಅತ್ತೆಗೆ ಫೋನ್ ಹಚ್ಚಿ "ನಿಮ್ಮ ಗದಗಿನ ಹತ್ತಿ ಇಲ್ಲಿ ಕಥಿಯೊಳಗ ಬಂತು ನೋಡ" ಅಂತ ಹೇಳಿದ್ರು. ಅತ್ತೆ ಊಟ ಆಯ್ತಾ ಕೇಳಿ ಇಟ್ರು.

ಬುಧವಾರ: ಸಿಟಿ ಪಾಯಿಂಟ್, ಪೀಟರ್ಸ್‌ಬರ್ಗ್

ಹೋಪ್‌ವೆಲ್ ಅನ್ನೋ ಊರಲ್ಲಿ ಜೇಮ್ಸ್ ಮತ್ತೆ ಆ್ಯಪೊಮ್ಯಾಟಾಕ್ಸ್ ನದಿ ಕೂಡೋ ಕಡೆ ಸಿಟಿ ಪಾಯಿಂಟ್. ಟೂರಿಸ್ಟು ಅಂತ ನಾವಿಬ್ರೇ. ಹುಲ್ಲುಹಾಸು, ಒಂದು ಹಳೇ ಬಂಗಲೆ, ಅದರ ಮುಂದೆ ಮರದ ಪುಟ್ಟ ಗುಡಿಸಲು. ಗ್ರಾಂಟ್ ಅಷ್ಟು ದೊಡ್ಡ ಸೈನ್ಯ ನಡೆಸಿದ್ದು ಆ ಗುಡಿಸಲಿಂದ, ಬಂಗಲೆ ಬಿಟ್ಟು.

1864 ಜೂನಿಂದ 1865 ಏಪ್ರಿಲ್ ತನಕ ಒಂಬತ್ತೂವರೆ ತಿಂಗಳು, ಲೀಯ ಸೈನ್ಯ ಕಾಯ್ತಿದ್ದ ಹತ್ತಿರದ ಪೀಟರ್ಸ್‌ಬರ್ಗ್ ಊರಿಗೆ ಗ್ರಾಂಟ್ ಹಾಕಿದ ಮುತ್ತಿಗೆ. ಆ ಇಡೀ ಕಾಲ ಸಾಮಾನು ಬರ್ತಿದ್ದು ಇಲ್ಲಿಗೆ. ದಿನಾ 150ರಿಂದ 200 ಹಡಗು, ದಡದುದ್ದಕ್ಕೂ ಕಟ್ಟೆ, ಬೇಕರಿಲಿ ದಿನಕ್ಕೆ ಒಂದು ಲಕ್ಷ ಜನರ ಬ್ರೆಡ್ಡು, ಇಲ್ಲಿಂದ ಹೊಸದಾಗಿ ಹಾಕಿದ ರೈಲು ಹಳಿ ಸೀದಾ ಕಂದಕಗಳ ಹಿಂದಕ್ಕೇ ಹೋಗ್ತಿತ್ತು. ಸೈನ್ಯ ಎಡಕ್ಕೆ ಸರಿದ ಹಾಗೆ ಹಳಿನೂ ಉದ್ದ ಆಗ್ತಿತ್ತು. ಆ ಹಳಿ ದಿಬ್ಬ ಏರಿಳಿದು ಹೋಗೋ ಫೋಟೋ ಮಾವ ಕನ್ನಡಕ ಹಣೆಗೇರಿಸಿ ಮೂಗು ತಾಗೋ ಹಾಗೆ ನೋಡಿದ್ರು. ಮಣ್ಣು ಏರಿಸಿಲ್ಲ, ಗುಡ್ಡ ಕಡಿದಿಲ್ಲ, ನೆಲ ಹೇಗಿದ್ಯೋ ಹಾಗೇ ಸ್ಲೀಪರ್ ಹಾಕ್ಕೊಂಡು ಹೋಗಿದಾರೆ. "ಇದರ ಮ್ಯಾಲ ಗಾಡಿ ಹೆಂಗ್ ಓಡಸ್ತಿದ್ರೋ ಏನೋ, ಆದ್ರ ಓಡಸ್ಯಾರ. ಇದು ಯುದ್ಧ ಅಲ್ರೀ ಅಳಿಯಂದ್ರ, ಗೂಡ್ಸ್ ಶೆಡ್." ಲೋಡಿಂಗ್ ಅನ್‌ಲೋಡಿಂಗ್ ಮಾಡ್ತಿದ್ದವರಲ್ಲಿ ಬಹಳ ಜನ ಫೋರ್ಟ್ ಮನ್ರೋ ತರದ ಕಡೆಗೆ ಓಡಿಬಂದ ಜನವೇ.

1864 ಆಗಸ್ಟ್ 9ಕ್ಕೆ ದಕ್ಷಿಣದ ಗೂಢಚಾರ ಒಬ್ಬ ಗಡಿಯಾರ ಇಟ್ಟ ಬಾಂಬಿನ ಪೆಟ್ಟಿಗೆಯನ್ನ ಮದ್ದಿನ ದೋಣಿಯವನ ಕೈಗೆ ಕೊಟ್ಟು ಹೋದ, ಅಲ್ಲಿನ ಕಟ್ಟೆ ಹಾರಿಹೋಯ್ತು, ಗ್ರಾಂಟ್ ಹತ್ತಿರದಲ್ಲೇ ಕೂತಿದ್ದ, ಏನೂ ಆಗಲಿಲ್ಲ. ಯುದ್ಧ ಮುಗಿಯೋ ತನಕ ಅಪಘಾತ ಅಂತಲೇ ಅಂದ್ಕೊಂಡಿದ್ರು. ಬುಕಿಂಗ್ ಇಲ್ಲದ ಪಾರ್ಸಲ್ ತಗೋಬಾರದು ಅನ್ನೋದಕ್ಕೆ ಮಾವ ಇದನ್ನ ಉದಾಹರಣೆಯಾಗಿ ಇಟ್ಕೊಂಡ್ರು.

ಪೀಟರ್ಸ್‌ಬರ್ಗಲ್ಲಿ ಕ್ರೇಟರ್ ನೋಡಿದ್ವಿ. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿ ಕೆಲಸಗಾರರು 511 ಅಡಿ ಸುರಂಗ ತೋಡಿ, ಶತ್ರುವಿನ ಕೆಳಗೆ 8,000 ಪೌಂಡ್ ಮದ್ದು ಇಟ್ಟು ಜುಲೈ 30ಕ್ಕೆ ಉಡಾಯಿಸಿದ್ರು. ಮೊದಲು ನುಗ್ಗೋಕೆ ಅಂತ ತರಬೇತಿ ಕೊಟ್ಟಿದ್ದು ಕಪ್ಪು ಸೈನಿಕರಿಗೆ, ಹಿಂದಿನ ದಿನ ಅವರನ್ನ ಹಿಂದಕ್ಕೆ ಹಾಕಿ ತರಬೇತಿ ಇಲ್ಲದವರನ್ನ ಮುಂದೆ ಕಳಿಸಿದ್ರು. ಅವರು ಗುಂಡಿ ಸುತ್ತ ಹೋಗೋ ಬದಲು ಗುಂಡಿಯೊಳಗೇ ಇಳಿದ್ರು, ದಕ್ಷಿಣದವರು ಮೇಲಿಂದ ಗುಂಡು ಹೊಡೆದ್ರು. ಹಿಂದೆ ಬಂದ ಕಪ್ಪು ಸೈನಿಕರು ಶರಣು ಅಂತ ಕೈ ಎತ್ತಿದ್ರೂ ಕೊಂದ್ರು. ಈಗ ಅಲ್ಲಿ ಹುಲ್ಲು ಬೆಳೆದ ಒಂದು ತಗ್ಗು. ಯುದ್ಧದಲ್ಲಿ ಒಟ್ಟು ಸುಮಾರು 1,80,000 ಕಪ್ಪು ಜನ ಉತ್ತರದ ಸೈನ್ಯಕ್ಕೆ ಸೇರಿದ್ರು, ಸೈನ್ಯದಲ್ಲಿ ಹತ್ತರಲ್ಲೊಬ್ಬ. ಬಿಳಿ ಸೈನಿಕನಿಗೆ ತಿಂಗಳಿಗೆ 13 ಡಾಲರ್ ಇದ್ದಾಗ ಇವರಿಗೆ 10, ಅದರಲ್ಲೂ ಬಟ್ಟೆಗೆ ಅಂತ 3 ಮುರ್ಕೊಳ್ತಿದ್ರು. 1864 ಜೂನಲ್ಲಿ ಕಾಂಗ್ರೆಸ್ ಸಮ ಮಾಡಿತು.

ಅತ್ಲಾಗೆ ಉತ್ತರದ ಇನ್ನೊಬ್ಬ ಜನರಲ್ ಶರ್ಮನ್ ಸೆಪ್ಟೆಂಬರಲ್ಲಿ ಜಾರ್ಜಿಯಾದ ಅಟ್ಲಾಂಟಾ ಹಿಡಿದ, ಸೋಲೋ ಹಾಗಿದ್ದ ಲಿಂಕನ್ ನವೆಂಬರ್ ಚುನಾವಣೆ ಗೆದ್ದ, ಆಮೇಲೆ ಶರ್ಮನ್ ಸಮುದ್ರದ ತನಕ ಜಾರ್ಜಿಯಾವನ್ನ ಸುಡ್ತಾ ಹೋದ. ದಾರಿಲಿ ರೈಲು ಹಳಿ ಕಿತ್ತು ಬೆಂಕಿಲಿ ಕಾಸಿ ಮರಕ್ಕೆ ಸುತ್ತಿಬಿಡ್ತಿದ್ರು. ಇಷ್ಟು ದಿನದ ಸಾವಿನ ಲೆಕ್ಕಕ್ಕಿಂತ ಇದನ್ನ ಕೇಳಿ ಮಾವನ ಮುಖ ಹುಳ್ಳಗಾಯ್ತು. "ಗಿಡಕ್ಕ ಸುತ್ತಿದ ಹಳಿ ಮತ್ ನೆಟ್ಟಗಾಗಂಗಿಲ್ರೀ."

ಗುರುವಾರ: ಆ್ಯಪೊಮ್ಯಾಟಾಕ್ಸ್

ಪೀಟರ್ಸ್‌ಬರ್ಗ್ ಬಿದ್ದ ಮೇಲೆ ಲೀ ಪಶ್ಚಿಮಕ್ಕೆ ಓಡಿದ ದಾರಿಲೇ ನಾವೂ ಕಾರಲ್ಲಿ ಹೋದ್ವಿ, ಎರಡು ಗಂಟೆ, ಅವನಿಗೆ ಒಂದು ವಾರ. ಅಮೀಲಿಯಾ ಅನ್ನೋ ಊರಲ್ಲಿ ರೈಲಲ್ಲಿ ರೇಷನ್ ಬಂದಿರುತ್ತೆ ಅಂತ ನಂಬ್ಕೊಂಡು ಬಂದ, ಊಟ ಬಂದಿರಲಿಲ್ಲ. ಸುತ್ತಮುತ್ತ ಹಳ್ಳಿಲಿ ಬೇಡೋಕೆ ಒಂದು ದಿನ ಹಾಳಾಯ್ತು, ಅಷ್ಟರಲ್ಲಿ ಹಿಂದಿನವರು ಹತ್ತಿರ ಬಂದ್ರು. ಏಪ್ರಿಲ್ 8ಕ್ಕೆ ಆ್ಯಪೊಮ್ಯಾಟಾಕ್ಸ್ ಸ್ಟೇಷನ್ನಲ್ಲಿ ನಿಜವಾಗ್ಲೂ ರೇಷನ್ ತುಂಬಿದ ಗಾಡಿಗಳು ನಿಂತಿದ್ವು, ಲೀ ಮುಟ್ಟೋ ಮುಂಚೆ ಉತ್ತರದ ಜನರಲ್ ಕಸ್ಟರ್‌ನ ಕುದುರೆ ಪಡೆ ಹಿಡ್ಕೊಂಡ್ತು. ಮಾರನೇ ಬೆಳಿಗ್ಗೆ ದಾರಿ ಕಟ್ಟಿ ನಿಂತವರಲ್ಲಿ ಕಪ್ಪು ರೆಜಿಮೆಂಟುಗಳೂ ಇದ್ವು.

ಮೆಕ್ಲೀನ್ ಅನ್ನೋನ ಮನೆ ಮುಂದಿನ ಕೋಣೆಲಿ 1865 ಏಪ್ರಿಲ್ 9ಕ್ಕೆ ಶರಣಾಗತಿ. ಈ ಪುಣ್ಯಾತ್ಮ ಮೊದಲು ಮನಾಸಸ್‌ನಲ್ಲಿದ್ದ, ಯುದ್ಧದ ಮೊದಲ ದೊಡ್ಡ ಕಾಳಗ ಅವನ ಜಮೀನಲ್ಲೇ ಶುರುವಾಗಿ, ಇದರ ಸಹವಾಸವೇ ಬೇಡ ಅಂತ ಇಷ್ಟು ದೂರ ಬಂದ್ರೆ ಇಲ್ಲಿ ಹಜಾರಕ್ಕೇ ಬಂತು. ಸಹಿ ಆದ್ಮೇಲೆ ಆಫೀಸರುಗಳು ಮೇಜು ಕುರ್ಚಿ ನೆನಪಿಗೆ ಅಂತ ಎತ್ಕೊಂಡು ಹೋದ್ರು. ಈಗಿರೋದು ಮತ್ತೆ ಕಟ್ಟಿದ ಮನೆ. ಹಿಂದುಗಡೆ ಗುಲಾಮರ ಗುಡಿಸಲೂ ಕಟ್ಟಿದಾರೆ, ಅದನ್ನ ನೋಡದೆ ಬರ್ಬೇಡಿ.

ಗ್ರಾಂಟ್ ಯಾರನ್ನೂ ಜೈಲಿಗೆ ಹಾಕಲಿಲ್ಲ, ಬಂದೂಕು ಇಟ್ಟು, ಇನ್ನು ಯುದ್ಧ ಮಾಡಲ್ಲ ಅನ್ನೋ ಚೀಟಿ ತಗೊಂಡು ಮನೆಗೆ ಹೋಗಿ, ಉಳುಮೆಗೆ ಕುದುರೆ ಬೇಕಿದ್ರೆ ಇಟ್ಕೊಳ್ಳಿ ಅಂದ. ನಮ್ಮವರು ಹಸಿದಿದಾರೆ ಅಂದ ಲೀ, ಗ್ರಾಂಟ್ 25,000 ಜನರ ರೇಷನ್ ಕೊಡಿಸಿದ. ಚೀಟಿ ಅಚ್ಚು ಹಾಕಿದ ಹೋಟೆಲಿನ ಕೋಣೆಲಿ ಆ ಪ್ರೆಸ್ಸಿನ ತರದ್ದೇ ಒಂದು ಇಟ್ಟಿದಾರೆ, 28,000ಕ್ಕೂ ಹೆಚ್ಚು ಜನಕ್ಕೆ ಚೀಟಿ ಕೊಟ್ಟಿದ್ದು.

ಆ ಬೆಳಿಗ್ಗೆ ಒಂದು ಫಿರಂಗಿ ಗುಂಡು ಒಂದು ಮನೆಗೆ ನುಗ್ಗಿ ಹ್ಯಾನಾ ರೆನಾಲ್ಡ್ಸ್ ಅನ್ನೋ ಗುಲಾಮ ಹೆಂಗಸಿಗೆ ಬಡೀತು. ಅವಳು ಸತ್ತಿದ್ದು ಏಪ್ರಿಲ್ 12ಕ್ಕೆ, ಅಷ್ಟರಲ್ಲಿ ಲೀ ಶರಣಾಗಿದ್ದ, ಕೊನೆ ಮೂರು ದಿನ ಅವಳು ಯಾರ ಗುಲಾಮಳೂ ಅಲ್ಲ.

ಲೀ ಶರಣಾದ ಮಾತ್ರಕ್ಕೆ ಎಲ್ಲ ಮುಗಿಲಿಲ್ಲ, ಏಪ್ರಿಲ್ 14ರ ರಾತ್ರಿ ಲಿಂಕನ್‌ಗೆ ಗುಂಡು ಹೊಡೆದ್ರು, ಉಳಿದ ಸೈನ್ಯಗಳು ಒಂದೊಂದಾಗಿ ಶರಣಾದ್ವು, ಟೆಕ್ಸಸ್ಸಿನ ಗ್ಯಾಲ್ವೆಸ್ಟನ್‌ಗೆ ಬಿಡುಗಡೆ ಆದೇಶ ಮುಟ್ಟಿದ್ದು ಜೂನ್ 19ಕ್ಕೆ. ದೇಶಕ್ಕೆಲ್ಲ ಗುಲಾಮಗಿರಿ ಕಾನೂನುಬಾಹಿರ ಆಗಿದ್ದು ಡಿಸೆಂಬರ್ 6ಕ್ಕೆ, ಸಂವಿಧಾನದ 13ನೇ ತಿದ್ದುಪಡಿ ಒಪ್ಪಿಗೆ ಆದಾಗ. ಸತ್ತವರು 6,20,000 ಅಂತ ಹಳೇ ಲೆಕ್ಕ, ಈಗಿನವರು ಇನ್ನೂ ಜಾಸ್ತಿ ಅಂತಾರೆ.

ಹೋಗೋರಿಗೆ ಒಂದು ಮಾತು, ಗೆಟಿಸ್‌ಬರ್ಗ್ ಒಂದೇ ನೋಡಿ ಬಂದ್ರೆ ಯಾರು ಎಲ್ಲಿ ನಿಂತು ಹೊಡೆದ್ರು ಅಂತ ಗೊತ್ತಾಗುತ್ತೆ, ಯಾಕೆ ಗೆದ್ರು ಅಂತ ಗೊತ್ತಾಗಲ್ಲ, ಅದಕ್ಕೆ ಫೋರ್ಟ್ ಮನ್ರೋ ಮತ್ತೆ ಸಿಟಿ ಪಾಯಿಂಟ್ ಸೇರಿಸ್ಕೊಳ್ಳಿ, ಜನಜಂಗುಳಿನೂ ಇಲ್ಲ. ಮಾವ ಮುಂದಿನ ಸಲಕ್ಕೆ ವಿಕ್ಸ್‌ಬರ್ಗ್ ಅಂತ ಈಗ್ಲೇ ಹೇಳಿದಾರೆ, ಅದೂ ಕಾರಲ್ಲಿ ಬೇಡ, ರೈಲಲ್ಲಿ ಹೋಗೋಣು ಅಂತ. ಇಲ್ಲಿನ ಪ್ಯಾಸೆಂಜರ್ ರೈಲು ಆಮ್‌ಟ್ರ್ಯಾಕ್‌ನ ಟೈಮಿಂಗ್ ನೋಡಿದ ಮೇಲೆ ಏನಂತಾರೋ ನೋಡ್ಬೇಕು.